ಠಾಣೆಯ ಹೆಸರಿನಲ್ಲಿ ಉಳಿದ ಊರು

ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಕಾಮಾಕ್ಷಿಪಾಳ್ಯ, ಸುಮನಹಳ್ಳಿ, ಸುಂಕದಕಟ್ಟೆ ದಾಟಿ ಮುಂದೆ ಹೋದರೆ ಬ್ಯಾಡರಹಳ್ಳಿ. ಸೈಟು ಕೊಂಡು ಮನೆ ಕಟ್ಟಿಕೊಂಡವರು, ಬಾಡಿಗೆಗೆ ಬಂದು ನೆಲೆಸಿದವರು, ಅಂಗಡಿ ಇಟ್ಟವರು, ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೋಗಿಬರುವವರು, ಎಲ್ಲರೂ ಇರುವ ಊರು ಅದು. ಆದರೆ ಪತ್ರಿಕೆಗಳ ಹಳೆಯ ಸುದ್ದಿಗಳಲ್ಲಿ ಈ ಹೆಸರನ್ನು ಹುಡುಕಿದವರಿಗೆ ಸಿಗುವುದು ಬಹುಪಾಲು ಒಂದೇ ಬಗೆಯದು: ಸರಗಳವು, ಮನೆಗಳ್ಳತನ, ಅಪಘಾತ, ಕೊಲೆ. ಸುದ್ದಿಮನೆಯ ಕೆಲಸದಲ್ಲಿ ಬಹಳ ವರ್ಷ ಕಳೆದ ನನಗೆ, ಇದಕ್ಕೆ ಕಾರಣ ಆ ಊರಿನಲ್ಲಿ ಇಲ್ಲ, ಸುದ್ದಿಯನ್ನು ವಿಂಗಡಿಸಿಟ್ಟ ಕ್ರಮದಲ್ಲಿದೆ ಎಂಬುದು ಹಿಂತಿರುಗಿ ನೋಡಿದಷ್ಟೂ ಖಚಿತವಾಗುತ್ತ ಬಂದಿದೆ. ಒಂದು ಸುದ್ದಿಯನ್ನು ಯಾವ ವಿಭಾಗಕ್ಕೆ ಹಾಕಬೇಕು, ಅದಕ್ಕೆ ಯಾವ ಟ್ಯಾಗ್ ಕೊಡಬೇಕು ಎಂಬುದನ್ನು ಅದು ಯಾವ ಕಚೇರಿಯಿಂದ ಬಂತು ಎನ್ನುವುದರ ಮೇಲೆ ತೀರ್ಮಾನಿಸುವುದು ನಮ್ಮಲ್ಲಿ ವಾಡಿಕೆ. ನಾಳೆ ಅದನ್ನು ಯಾರು, ಯಾತಕ್ಕಾಗಿ ಹುಡುಕಿಕೊಂಡು ಬರುತ್ತಾರೆ ಎಂಬುದರ ಮೇಲೆ ತೀರ್ಮಾನವಾಗಬೇಕು ಎನ್ನುವುದು ನನ್ನ ವಾದ.

ಸುದ್ದಿಯನ್ನು ಭಾಗ ಮಾಡಿ ಕೊಡುವುದು ಕನ್ನಡಕ್ಕೆ ಹೊಸದಲ್ಲ. 1843ರ ಜುಲೈನಲ್ಲಿ ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ವೇ ಊರಿನ ಸುದ್ದಿ, ಸರ್ಕಾರದ ಆಜ್ಞೆ, ಹೊರ ರಾಜ್ಯಗಳ ಸುದ್ದಿ ಎಂದು ಬಿಡಿಸಿ ಕೊಟ್ಟಿತ್ತು. ಹದಿನೈದು ದಿನಕ್ಕೊಮ್ಮೆ ಬರುವ ಚಿಕ್ಕ ಪತ್ರಿಕೆಗೆ ಅಷ್ಟು ಸಾಕಿತ್ತು. ದಿನಪತ್ರಿಕೆಗಳು ಬೆಳೆದ ಮೇಲೆ ವರದಿಗಾರರಿಗೆ ಬೀಟ್ ಹಂಚುವ ಪದ್ಧತಿ ಬಂತು. ಒಬ್ಬರಿಗೆ ವಿಧಾನಸೌಧ, ಒಬ್ಬರಿಗೆ ಪಾಲಿಕೆ, ಒಬ್ಬರಿಗೆ ಕ್ರೈಂ, ಇನ್ನೊಬ್ಬರಿಗೆ ನ್ಯಾಯಾಲಯ. ಸುದ್ದಿ ತರುವುದಕ್ಕೆ ಇದು ಒಳ್ಳೆಯ ಏರ್ಪಾಡು, ಇದರಲ್ಲಿ ನನಗೆ ತಕರಾರಿಲ್ಲ. ತೊಡಕಾದದ್ದು ತಂದ ಸುದ್ದಿಯನ್ನು ಎತ್ತಿಡುವ ಏರ್ಪಾಡೂ ಅದೇ ಆದಾಗ. ಪತ್ರಿಕಾ ಕಚೇರಿಯ ಗ್ರಂಥಾಲಯದಲ್ಲಿ ಸುದ್ದಿಗಳನ್ನು ಕತ್ತರಿಸಿ, ಹಾಳೆಗೆ ಅಂಟಿಸಿ, ಫೈಲಿನ ಬೆನ್ನಿಗೆ ವಿಷಯ ಬರೆದಿಡುತ್ತಿದ್ದ ಕಾಲದಲ್ಲಿ ಈ ತೊಡಕನ್ನು ಮನುಷ್ಯರು ನೀಗಿಸುತ್ತಿದ್ದರು. ಫೈಲುಗಳನ್ನು ನೋಡಿಕೊಳ್ಳುತ್ತಿದ್ದವರಿಗೆ ಯಾವ ಸುದ್ದಿ ಎಲ್ಲಿದೆ ಎಂಬುದು ಬಾಯಿಪಾಠವಾಗಿರುತ್ತಿತ್ತು. ಒಂದೇ ಸುದ್ದಿಯ ಎರಡು ಪ್ರತಿ ಕತ್ತರಿಸಿ ಎರಡು ಫೈಲಿನಲ್ಲಿ ಇಡುವ ವಿವೇಕವೂ ಅವರಿಗಿತ್ತು. ಕಂಪ್ಯೂಟರ್ ಬಂದಾಗ ಕಪಾಟು ಹೋಯಿತು, ಅದರ ಜೊತೆಗೆ ಆ ಎರಡನೆಯ ಪ್ರತಿಯೂ ಹೋಯಿತು. ಬೀಟಿನ ಹೆಸರೇ ವಿಭಾಗದ ಹೆಸರಾಯಿತು, ವಿಭಾಗದ ಹೆಸರೇ ಸುದ್ದಿಯ ಗುರುತಾಯಿತು.

ಇದರ ಫಲ ಡೇಟ್‌ಲೈನಿನಲ್ಲಿ ಎದ್ದು ಕಾಣುತ್ತದೆ. ಮಾಗಡಿಯಲ್ಲೋ ಕುಣಿಗಲ್ಲಿನಲ್ಲೋ ನಡೆದ ಸುದ್ದಿ ಆ ಊರಿನ ಹೆಸರಿನಿಂದಲೇ ಶುರುವಾಗುತ್ತದೆ. ಬೆಂಗಳೂರಿನ ಒಳಗೆ ನಡೆದದ್ದು ಎಲ್ಲಿ ನಡೆದರೂ ‘ಬೆಂಗಳೂರು’ ಎಂದೇ ಶುರುವಾಗುತ್ತದೆ. ಅಂದರೆ ಒಂದು ಹಳ್ಳಿ ನಗರದ ಹೊರಗಿದ್ದಷ್ಟು ದಿನ ಪತ್ರಿಕೆಯಲ್ಲಿ ಅದಕ್ಕೊಂದು ಸ್ವಂತ ಹೆಸರಿರುತ್ತದೆ. ನಗರ ಅದನ್ನು ನುಂಗಿದ ದಿನದಿಂದ ಆ ಹೆಸರು ಸುದ್ದಿಯ ನೆತ್ತಿಯಿಂದ ಇಳಿದು ಹೊಟ್ಟೆಯೊಳಗೆಲ್ಲೋ ಸೇರಿಬಿಡುತ್ತದೆ. ಶಾಲೆಯ ಕೊಠಡಿ ಸೋರುವ ಸುದ್ದಿ ‘ಶಿಕ್ಷಣ’ಕ್ಕೆ, ರಸ್ತೆ ಗುಂಡಿಯ ಸುದ್ದಿ ‘ಪಾಲಿಕೆ’ಗೆ, ಬಸ್ಸು ಸಾಲದೆಂಬ ದೂರು ‘ಸಾರಿಗೆ’ಗೆ ಹೋಗುತ್ತದೆ. ಊರಿನ ಹೆಸರನ್ನು ಬಿಡದೆ ಹಿಡಿದುಕೊಂಡು ಬರುವುದು ಒಂದೇ ಬಗೆಯ ಸುದ್ದಿ, ಅಪರಾಧದ್ದು. ಏಕೆಂದರೆ ಅದರ ಕೊನೆಯ ಸಾಲಿನಲ್ಲಿ ಯಾವ ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ ಎಂದು ಬರೆಯಲೇಬೇಕು. ಬ್ಯಾಡರಹಳ್ಳಿಯಲ್ಲಿ ಪೊಲೀಸ್ ಠಾಣೆ ಇದೆ; ಅದರ ವ್ಯಾಪ್ತಿಗೆ ಸುತ್ತಲಿನ ಹಲವು ಬಡಾವಣೆಗಳು ಬರುತ್ತವೆ. ಆ ಬಡಾವಣೆಗಳಲ್ಲಿ ಏನು ನಡೆದರೂ ಲೆಕ್ಕಕ್ಕೆ ಬರುವ ಹೆಸರು ಠಾಣೆಯದು. 2021ರ ಸೆಪ್ಟೆಂಬರಿನಲ್ಲಿ ತಿಗಳರಪಾಳ್ಯದ ಒಂದು ಮನೆಯಲ್ಲಿ ನಡೆದ ದುರಂತ ದೇಶದ ಪತ್ರಿಕೆಗಳಲ್ಲೆಲ್ಲ ಬ್ಯಾಡರಹಳ್ಳಿಯ ಹೆಸರಿನಲ್ಲಿ ಪ್ರಕಟವಾಯಿತು. ವರದಿಗಾರರು ಬರೆದದ್ದರಲ್ಲಿ ತಪ್ಪಿಲ್ಲ, ಠಾಣಾ ವ್ಯಾಪ್ತಿ ಎಂದೇ ಬರೆದಿದ್ದರು. ಆದರೆ ಟ್ಯಾಗಿಗೆ ಏರುವಾಗ ‘ಠಾಣಾ ವ್ಯಾಪ್ತಿ’ ಎಂಬ ಎರಡು ಪದ ಉದುರಿಹೋಗಿ ಊರಿನ ಹೆಸರೊಂದೇ ಉಳಿಯಿತು.

ಹಾಗಾದರೆ ಸರ್ಕಾರದ ವಿಭಾಗಗಳನ್ನೇ ಇಟ್ಟುಕೊಳ್ಳಬಹುದಲ್ಲ, ಜಿಲ್ಲೆ, ತಾಲ್ಲೂಕು, ಕ್ಷೇತ್ರ, ವಾರ್ಡು ಎಂದು ವಿಂಗಡಿಸಿದರೆ ಯಾರಿಗೂ ತಕರಾರಿರುವುದಿಲ್ಲವಲ್ಲ ಎಂದು ಕೇಳುವವರಿದ್ದಾರೆ. ನೋಡಲು ಇದು ಗಟ್ಟಿಯಾದ ಸಲಹೆ. ಆದರೆ ಬೆಂಗಳೂರಿನ ಸುತ್ತಮುತ್ತ ಇದು ನಿಲ್ಲುವುದಿಲ್ಲ. ಮಾಗಡಿಯನ್ನೇ ನೋಡಿ. 1986ರವರೆಗೆ ಅದು ಬೆಂಗಳೂರು ಜಿಲ್ಲೆಯಲ್ಲಿತ್ತು, ಆ ವರ್ಷ ಬೆಂಗಳೂರು ಗ್ರಾಮಾಂತರಕ್ಕೆ ಸೇರಿತು, 2007ರಲ್ಲಿ ಹೊಸದಾಗಿ ರಚನೆಯಾದ ರಾಮನಗರ ಜಿಲ್ಲೆಗೆ ಹೋಯಿತು, 2025ರಲ್ಲಿ ಆ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಎಂದಾಯಿತು. ಊರು ಕೂತ ಜಾಗದಿಂದ ಕದಲಿಲ್ಲ; ಜಿಲ್ಲೆಯ ಹೆಸರು ‘ದಕ್ಷಿಣ’ ಎಂದಾದರೂ ಅದಿರುವುದು ನಗರದ ಪಶ್ಚಿಮಕ್ಕೆ. ಜಿಲ್ಲೆಯ ಹೆಸರಿನಲ್ಲಿ ಟ್ಯಾಗ್ ಕೊಟ್ಟಿದ್ದರೆ ಒಂದೇ ಊರಿನ ಸುದ್ದಿ ನಾಲ್ಕು ಕಡೆ ಚದುರಿಹೋಗಿರುತ್ತದೆ. ಇದರ ತಲೆಕೆಳಗಾದ ತೊಂದರೆಯೂ ಇದೆ. ‘ಬೆಂಗಳೂರು ದಕ್ಷಿಣ’ ಎಂದರೆ ಈಗ ಒಂದು ಜಿಲ್ಲೆ, ಬೆಂಗಳೂರು ನಗರ ಜಿಲ್ಲೆಯ ಒಂದು ತಾಲ್ಲೂಕು, ಒಂದು ಲೋಕಸಭಾ ಕ್ಷೇತ್ರ, 2025ರ ಸೆಪ್ಟೆಂಬರಿನಲ್ಲಿ ಅಸ್ತಿತ್ವಕ್ಕೆ ಬಂದ ಐದು ನಗರ ಪಾಲಿಕೆಗಳಲ್ಲಿ ಒಂದು. ನಾಲ್ಕು ಬೇರೆ ಬೇರೆ ಭೂಭಾಗಕ್ಕೆ ಒಂದೇ ಟ್ಯಾಗ್. ಇನ್ನು ಬ್ಯಾಡರಹಳ್ಳಿ ತಾಲ್ಲೂಕಿನ ಲೆಕ್ಕದಲ್ಲಿ ಬೆಂಗಳೂರು ಉತ್ತರ, ವಿಧಾನಸಭೆಗೆ ಯಶವಂತಪುರ, ಲೋಕಸಭೆಗೆ ಮತ್ತೆ ಬೆಂಗಳೂರು ಉತ್ತರ, ಅಂಚೆಗೆ ವಿಶ್ವನೀಡಂ. ಅಲ್ಲಿನ ಜನ ಮಾತ್ರ ತಮ್ಮದು ಮಾಗಡಿ ರಸ್ತೆ ಕಡೆ ಎನ್ನುತ್ತಾರೆ, ಮತ್ತು ಸುದ್ದಿ ಹುಡುಕುವಾಗಲೂ ಹಾಗೆಯೇ ಹುಡುಕುತ್ತಾರೆ.

ಈ ಸಿಕ್ಕನ್ನು ಬಿಡಿಸುವ ದಾರಿ ತಿಳಿದವರು ನಮ್ಮ ನಗರದಲ್ಲೇ ಇದ್ದರು ಎಂಬುದು ನನ್ನನ್ನು ಬಹಳ ತಟ್ಟುವ ಸಂಗತಿ. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನೂ 1933ರಲ್ಲಿ ಕೋಲನ್ ವರ್ಗೀಕರಣವನ್ನೂ ಪ್ರಕಟಿಸಿದರು. ಆಮೇಲೆ ಬೆಂಗಳೂರಿಗೆ ಬಂದು ನೆಲೆಸಿದರು. 1962ರಲ್ಲಿ ಇಲ್ಲಿ ಅವರು ಕಟ್ಟಿದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ, ಎಲ್ಲರ ಬಾಯಲ್ಲಿ ಡಿಆರ್‌ಟಿಸಿ, ಇಂದು ಮೈಸೂರು ರಸ್ತೆಯಲ್ಲಿ ಕೆಂಗೇರಿಗೆ ಹೋಗುವ ದಾರಿಯ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆವರಣದಲ್ಲಿದೆ. 1972ರಲ್ಲಿ ಅವರು ತೀರಿಕೊಂಡದ್ದೂ ಬೆಂಗಳೂರಿನಲ್ಲೇ. ಅವರಿಗಿಂತ ಮೊದಲಿನ ವರ್ಗೀಕರಣಗಳು ಪ್ರತಿ ಪುಸ್ತಕಕ್ಕೂ ಮೊದಲೇ ಕಟ್ಟಿಟ್ಟ ಒಂದು ಗೂಡು ಹುಡುಕುತ್ತಿದ್ದವು. ಯಾವ ವಿಷಯಕ್ಕೂ ಒಂದೇ ಗೂಡು ಸಾಲದು ಎಂದು ರಂಗನಾಥನ್ ಕಂಡರು. ಪ್ರತಿ ವಿಷಯಕ್ಕೂ ಹಲವು ಮುಖಗಳಿವೆ. ಪ್ರಧಾನ ವಸ್ತು, ದ್ರವ್ಯ, ಕ್ರಿಯೆ, ದೇಶ, ಕಾಲ ಎಂದು ಆ ಮುಖಗಳನ್ನು ಬೇರೆ ಬೇರೆ ಗುರುತಿಸಿ, ಆಮೇಲೆ ಜೋಡಿಸಬೇಕು ಎಂದರು. ಇದರಲ್ಲಿ ‘ದೇಶ’, ಅಂದರೆ ಸ್ಥಳ, ಎಂಬ ಮುಖ ವಸ್ತುವಿನೊಳಗೆ ಕರಗುವುದಿಲ್ಲ, ತನ್ನಷ್ಟಕ್ಕೆ ನಿಲ್ಲುತ್ತದೆ. ಪುಸ್ತಕಕ್ಕಿಂತ ಸುದ್ದಿಗೆ ಇದು ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ನಂಬಿಕೆ. ಯಾವ ಸುದ್ದಿಯೂ ಎಲ್ಲೋ ಒಂದು ಕಡೆ, ಯಾವಾಗಲೋ ಒಂದು ದಿನ ನಡೆದದ್ದೇ ತಾನೆ.

ಒಂದು ಸುದ್ದಿಯನ್ನು ಹೀಗೆ ಬಿಡಿಸಿ ನೋಡೋಣ. 2024ರ ಆಗಸ್ಟ್ 16ರಂದು ಕೇಂದ್ರ ಸಚಿವ ಸಂಪುಟ ನಮ್ಮ ಮೆಟ್ರೋ ಮೂರನೇ ಹಂತಕ್ಕೆ ಒಪ್ಪಿಗೆ ಕೊಟ್ಟಿತು. ಒಟ್ಟು 44.65 ಕಿಲೋಮೀಟರು, ಅಂದಾಜು ವೆಚ್ಚ 15,611 ಕೋಟಿ ರೂಪಾಯಿ, ಎರಡು ಮಾರ್ಗ. ಜೆ.ಪಿ. ನಗರ ನಾಲ್ಕನೇ ಹಂತದಿಂದ ಕೆಂಪಾಪುರಕ್ಕೆ ಒಂದು, ಹೊಸಹಳ್ಳಿಯಿಂದ ಕಡಬಗೆರೆಗೆ ಇನ್ನೊಂದು. ಈ ಎರಡನೆಯದು ಮಾಗಡಿ ರಸ್ತೆಯ ಉದ್ದಕ್ಕೂ ಹನ್ನೆರಡೂವರೆ ಕಿಲೋಮೀಟರು ಸಾಗುವಂಥದ್ದು. ಬ್ಯಾಡರಹಳ್ಳಿಯನ್ನು ದಾಟದೆ ಕಡಬಗೆರೆ ಮುಟ್ಟುವ ಹಾಗೇ ಇಲ್ಲ. ಆ ಊರಿನ ಮಟ್ಟಿಗೆ ಇದಕ್ಕಿಂತ ದೊಡ್ಡ ಸುದ್ದಿ ಈಚಿನ ವರ್ಷಗಳಲ್ಲಿ ಬಂದಿರಲಾರದು. ಈ ಸುದ್ದಿಗೆ ಸಹಜವಾಗಿ ಬೀಳುವ ಟ್ಯಾಗುಗಳು ಮೆಟ್ರೋ, ಕೇಂದ್ರ ಸಂಪುಟ, ಬೆಂಗಳೂರು. ರಂಗನಾಥನ್ ಕ್ರಮದಲ್ಲಿ ನೋಡಿದರೆ ವಸ್ತು ನಗರ ಸಾರಿಗೆ, ಕ್ರಿಯೆ ಮಂಜೂರಾತಿ, ಕಾಲ 2024ರ ಆಗಸ್ಟ್. ದೇಶದ ಜಾಗದಲ್ಲಿ ಕೇಳಬೇಕಾದ ಪ್ರಶ್ನೆ, ಈ ತೀರ್ಮಾನ ಯಾವ ಯಾವ ನೆಲಕ್ಕೆ ತಾಗುತ್ತದೆ ಎಂಬುದು. ಉತ್ತರ ಮಾಗಡಿ ರಸ್ತೆ, ಅದರ ಮೇಲಿನ ಒಂದೊಂದು ಊರು. ಸುದ್ದಿಯೊಳಗೆ ಬ್ಯಾಡರಹಳ್ಳಿ ಎಂಬ ಪದ ಇಲ್ಲದಿದ್ದರೂ ಟ್ಯಾಗಿನಲ್ಲಿ ಅದು ಇರಬೇಕಾದದ್ದು ಇದಕ್ಕೇ. ಅಪರಾಧದ ಸುದ್ದಿಗೂ ಇದೇ ನ್ಯಾಯ. ಘಟನೆ ನಡೆದ ಜಾಗ ಒಂದು ಮುಖ, ಪ್ರಕರಣ ದಾಖಲಾದ ಠಾಣೆ ಇನ್ನೊಂದು ಮುಖ. ಎರಡನ್ನೂ ಬರೆಯಿರಿ, ಆದರೆ ಬೇರೆ ಬೇರೆ ಬರೆಯಿರಿ.

ಇಲ್ಲಿ ಬರುವ ಮೊದಲ ಆಕ್ಷೇಪ, ಈಗ ಟ್ಯಾಗೇ ಬೇಕಿಲ್ಲ, ಹುಡುಕಿದರೆ ಎಲ್ಲ ಸಿಗುತ್ತದೆ ಎಂಬುದು. ಮೆಟ್ರೋ ಸುದ್ದಿಯ ಉದಾಹರಣೆಯಲ್ಲೇ ಇದಕ್ಕೆ ಅರ್ಧ ಉತ್ತರ ಬಂತು. ಬರೆಯದ ಪದವನ್ನು ಯಾವ ಹುಡುಕಾಟವೂ ತಂದುಕೊಡದು. ಉಳಿದರ್ಧ ಕನ್ನಡದ ಬರವಣಿಗೆಯಲ್ಲಿದೆ. ನಮ್ಮ ಹೆಸರುಗಳು ಬರಿಮೈಯಲ್ಲಿ ತಿರುಗುವುದಿಲ್ಲ. ಬ್ಯಾಡರಹಳ್ಳಿಯ, ಬ್ಯಾಡರಹಳ್ಳಿಗೆ, ಬ್ಯಾಡರಹಳ್ಳಿಯಿಂದ ಎಂದು ವಿಭಕ್ತಿ ತೊಟ್ಟೇ ಬರುತ್ತವೆ. ಪದವನ್ನು ಇಡಿಯಾಗಿ ಹೋಲಿಸುವ ಹುಡುಕಾಟಕ್ಕೆ ಇವೆಲ್ಲ ಬೇರೆ ಬೇರೆ ಪದಗಳೇ. ಕಾಗುಣಿತದ ಭೇದ ಬೇರೆ: ಒಬ್ಬರು ಬ್ಯಾಡರಹಳ್ಳಿ ಎಂದು ಬರೆದರೆ ಇನ್ನೊಬ್ಬರು ಬ್ಯಾಡ್ರಹಳ್ಳಿ, ಮತ್ತೊಬ್ಬರು ಬೇಡರಹಳ್ಳಿ. ಇದಕ್ಕಿಂತ ಸೂಕ್ಷ್ಮವಾದದ್ದೊಂದಿದೆ. ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯ ಹೆಸರನ್ನು ಟೈಪ್ ಮಾಡುವಾಗ ‘ಜ್’ ಮತ್ತು ‘ಕು’ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕು, ಇಲ್ಲದಿದ್ದರೆ ‘ಕ’ ಒತ್ತಕ್ಷರವಾಗಿ ಕೆಳಗಿಳಿಯುತ್ತದೆ. ಕೆಲವರು ಆ ಅಕ್ಷರ ಹಾಕುತ್ತಾರೆ, ಕೆಲವರು ನಡುವೆ ಜಾಗ ಬಿಡುತ್ತಾರೆ, ಕೆಲವರು ‘ರಾಜಕುಮಾರ್’ ಎಂದೇ ಬರೆಯುತ್ತಾರೆ. ಓದುಗರಿಗೆ ಇವೆಲ್ಲ ಒಂದೇ ರಸ್ತೆ, ಯಂತ್ರಕ್ಕೆ ಹಲವು. ಯೂನಿಕೋಡ್ ಬರುವ ಮೊದಲು ಬೇರೆ ಬೇರೆ ಅಕ್ಷರವಿನ್ಯಾಸಗಳಲ್ಲಿ ಟೈಪ್ ಆದ ಹಳೆಯ ಪುಟಗಳನ್ನು ಪರಿವರ್ತಿಸುವಾಗ ಸೇರಿಕೊಂಡ ತಪ್ಪುಗಳನ್ನೂ ಇದಕ್ಕೆ ಕೂಡಿಸಿಕೊಳ್ಳಬೇಕು. ಒಂದು ಊರಿಗೆ ಒಂದೇ ಅಧಿಕೃತ ರೂಪ, ಉಳಿದ ರೂಪಗಳೆಲ್ಲ ಅದಕ್ಕೆ ಕಟ್ಟಿದ ಪರ್ಯಾಯ ಎಂದು ಪಟ್ಟಿಯಲ್ಲಿ ಬರೆದಿಟ್ಟರೆ ಈ ತೊಂದರೆ ಬಹುಪಾಲು ತೀರುತ್ತದೆ. ಹುಡುಕಾಟ ಟ್ಯಾಗಿನ ಬದಲಿಗೆ ಬಂದದ್ದಲ್ಲ. ಟ್ಯಾಗ್ ಸರಿಯಿದ್ದಲ್ಲಿ ಮಾತ್ರ ಹುಡುಕಾಟವೂ ಸರಿಯಿರುತ್ತದೆ.

ಒಂದೇ ರೂಪ ಇದ್ದರೂ ಸಾಲದು ಎನ್ನುವುದಕ್ಕೆ ಬ್ಯಾಡರಹಳ್ಳಿಯೇ ಸಾಕ್ಷಿ. ಬೆಂಗಳೂರು–ಮೈಸೂರು ರೈಲುಮಾರ್ಗದಲ್ಲಿ ಮಂಡ್ಯ ಮತ್ತು ಪಾಂಡವಪುರದ ನಡುವೆ ಇನ್ನೊಂದು ಬ್ಯಾಡರಹಳ್ಳಿ ಇದೆ, ಅಲ್ಲೊಂದು ನಿಲ್ದಾಣವೂ ಇದೆ. ಹಳ್ಳಿಗಳ ಹೆಸರು ಹೀಗೆ ಮರುಕಳಿಸುವುದು ನಮ್ಮ ನಾಡಿನ ಲಕ್ಷಣ. ಹೊಸಹಳ್ಳಿಗಳನ್ನು ಎಣಿಸಿ ಮುಗಿಸಿದವರಿಲ್ಲ. ಅಂಚೆ ಇಲಾಖೆಗೆ ಈ ಕಷ್ಟ ಬಹಳ ಹಿಂದೆಯೇ ಗೊತ್ತಾಗಿತ್ತು. ಒಂದೇ ಹೆಸರಿನ ಊರುಗಳು, ತಪ್ಪು ವಿಳಾಸಗಳು, ಬೇರೆ ಬೇರೆ ಲಿಪಿಗಳು ಇವುಗಳ ನಡುವೆ ಕಾಗದ ದಾರಿ ತಪ್ಪಬಾರದೆಂದೇ 1972ರ ಆಗಸ್ಟ್ 15ರಿಂದ ಪಿನ್‌ಕೋಡ್ ಜಾರಿಗೆ ಬಂತು. 560091 ಎಂದು ಬರೆದರೆ ಮಾಗಡಿ ರಸ್ತೆಯ ಬ್ಯಾಡರಹಳ್ಳಿಯ ಕಾಗದ ಮಂಡ್ಯದ ಕಡೆ ಹೋಗುವುದಿಲ್ಲ. ಅಂಚೆಯವರು ಅರ್ಧ ಶತಮಾನದ ಹಿಂದೆ ಮಾಡಿ ಮುಗಿಸಿದ ಕೆಲಸವನ್ನು ಪತ್ರಿಕೆಗಳು ಇಂದಿಗೂ ಮಾಡಿಲ್ಲ. ಹೆಸರಿನ ಬೆನ್ನಿಗೆ ಒಂದು ಸಂಖ್ಯೆ ಇಟ್ಟುಕೊಂಡರೆ ಓದುಗರಿಗೆ ಅದು ಕಾಣಬೇಕೆಂದೇನೂ ಇಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಹೆಸರಿಡುವ ಅಧಿಕಾರ ಡೆಸ್ಕಿನಲ್ಲಿ ಕೂತ ಕೆಲವರ ಕೈಯಲ್ಲಿ ಯಾಕಿರಬೇಕು, ಓದುಗರೇ ತಮಗೆ ತೋಚಿದ ಟ್ಯಾಗ್ ಕೊಡಲಿ ಎಂಬುದು. ಇದನ್ನು ಜಗತ್ತು ಒಮ್ಮೆ ಹುರುಪಿನಿಂದ ಮಾಡಿ ನೋಡಿತು. 2003ರಲ್ಲಿ ಶುರುವಾದ ಡೆಲಿಶಿಯಸ್, ಅದರ ಮರುವರ್ಷದ ಫ್ಲಿಕರ್ ಎಂಬ ಜಾಲತಾಣಗಳಲ್ಲಿ ಜನರೇ ಟ್ಯಾಗ್ ಕೊಟ್ಟರು. ಆ ಪದ್ಧತಿಗೆ ಥಾಮಸ್ ವಾಂಡರ್ ವಾಲ್ 2004ರಲ್ಲಿ ಫೋಕ್ಸಾನಮಿ ಎಂದು ಹೆಸರಿಟ್ಟರು. ಲಕ್ಷಾಂತರ ಜನ ನೋಡುವ ಚಿತ್ರಕ್ಕೆ, ಎಲ್ಲರಿಗೂ ಗೊತ್ತಿರುವ ವಿಷಯಕ್ಕೆ ಅದು ಚೆನ್ನಾಗಿ ಒದಗಿತು. ಅನೇಕರು ಕೊಟ್ಟ ಪದಗಳಲ್ಲಿ ಸರಿಯಾದದ್ದು ತಾನಾಗಿ ಮೇಲೆ ಬರುತ್ತಿತ್ತು. ಆದರೆ ಒಂದು ಊರಿನ ಚರಂಡಿ ಕಾಮಗಾರಿಯ ಸುದ್ದಿಗೆ ಆ ‘ಅನೇಕರು’ ಎಲ್ಲಿಂದ ಬರಬೇಕು? ಗುಂಪಿನ ತೀರ್ಪು ಗುಂಪು ಇದ್ದಲ್ಲಿ ಮಾತ್ರ ನಡೆಯುತ್ತದೆ. ಸಣ್ಣ ಊರಿಗೆ ಬೇಕಾದದ್ದು ಹೊಣೆ ಹೊತ್ತು ಹೆಸರಿಡುವ ಒಬ್ಬರು, ಮತ್ತು ಆ ಹೆಸರು ತಪ್ಪಾದರೆ ಊರಿನವರು ಹೇಳಿ ತಿದ್ದಿಸಬಹುದಾದ ಒಂದು ದಾರಿ. ಈ ತಿದ್ದುಪಡಿಯ ಹಕ್ಕನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ. ವಿಷಯದ ವಿಭಾಗಗಳನ್ನು ಮಾತ್ರ ಊರೂರಿಗೆ ಹೊಸದಾಗಿ ಕಟ್ಟಬೇಕಿಲ್ಲ. 1965ರಲ್ಲಿ ಸುದ್ದಿಸಂಸ್ಥೆಗಳು ಸೇರಿ ಕಟ್ಟಿಕೊಂಡ ಐಪಿಟಿಸಿ ಎಂಬ ಅಂತರರಾಷ್ಟ್ರೀಯ ಮಂಡಳಿಯ ವಿಷಯಪಟ್ಟಿಯಲ್ಲಿ ಮೇಲಿನ ಹಂತದಲ್ಲಿ ಇರುವುದು 17 ಹೆಸರು, ಅವುಗಳ ಕೆಳಗೆ ಸಾವಿರಕ್ಕೂ ಹೆಚ್ಚು. ಆ ಪಟ್ಟಿ ವಿಷಯಕ್ಕೆ ಮಾತ್ರ. ಸ್ಥಳವನ್ನು ಅದರೊಳಗೆ ಬೆರೆಸಿಲ್ಲ. ರಂಗನಾಥನ್ ಹೇಳಿದ್ದಕ್ಕೂ ಇದಕ್ಕೂ ಇರುವ ಹೊಂದಿಕೆ ನನಗೆ ಧೈರ್ಯ ಕೊಡುತ್ತದೆ.

ರಾತ್ರಿ ಪುಟ ಬಿಡುವ ಹೊತ್ತಿನಲ್ಲಿ ಇದಕ್ಕೆಲ್ಲ ಸಮಯ ಎಲ್ಲಿದೆ ಎಂಬುದು ಕೆಲಸ ಮಾಡುವವರ ಆಕ್ಷೇಪ, ಅದನ್ನು ನಾನು ಗೌರವದಿಂದಲೇ ಕೇಳಿಸಿಕೊಳ್ಳುತ್ತೇನೆ. ಡೆಸ್ಕಿನಲ್ಲಿರುವ ಉಪಸಂಪಾದಕರು ಒಂದೇ ಪಾಳಿಯಲ್ಲಿ ತಿದ್ದುವ ಕಾಪಿಗಳ ರಾಶಿ ನೋಡಿದವರು ಅವರ ಮೇಲೆ ಇನ್ನೊಂದು ಹೊರೆ ಹೊರಿಸಲಾರರು. ಆದರೆ ಸ್ಥಳ ಯಾವುದೆಂದು ಬಲ್ಲವರು ಉಪಸಂಪಾದಕರಲ್ಲ, ವರದಿಗಾರರು. ಕಾಪಿ ಕಳಿಸುವಾಗಲೇ ಘಟನೆ ನಡೆದ ಊರನ್ನು ಪಟ್ಟಿಯಿಂದ ಆರಿಸಿ ಕಳಿಸಿದರೆ ಡೆಸ್ಕಿಗೆ ಉಳಿಯುವುದು ವಿಷಯ ನೋಡುವ ಕೆಲಸ ಮಾತ್ರ. ಕಂಡಕಂಡ ಪದಗಳನ್ನೆಲ್ಲ ಟ್ಯಾಗ್ ಮಾಡುವ ಈಗಿನ ರೂಢಿಯೇ ಹೆಚ್ಚು ಸಮಯ ತಿನ್ನುತ್ತದೆ. ಒಂದೇ ಒಂದು ಸುದ್ದಿಗೆಂದು ಹುಟ್ಟಿ, ಮತ್ತೆಂದೂ ಬಳಕೆಯಾಗದ ಟ್ಯಾಗುಗಳು ಎಲ್ಲ ಕಡೆ ರಾಶಿಬಿದ್ದಿವೆ. ವಿಷಯಕ್ಕೆ ಗೊತ್ತಾದ ಪಟ್ಟಿ, ಸ್ಥಳಕ್ಕೆ ಗೊತ್ತಾದ ಪಟ್ಟಿ, ಇಷ್ಟಿದ್ದರೆ ಬೆರಳಿಗೆ ಕೆಲಸ ಕಡಿಮೆಯಾಗುತ್ತದೆ.

ಯಂತ್ರವೇ ಓದಿ ಟ್ಯಾಗ್ ಕೊಡುವ ಕಾಲ ಬಂದಿದೆಯಲ್ಲ ಎಂಬ ಮಾತು ಈಗ ಎಲ್ಲ ಕಡೆ ಇದೆ. ಸಲಹೆ ಕೊಡುವ ಮಟ್ಟಿಗೆ ಯಂತ್ರ ಬರಲಿ, ಅದರಿಂದ ಅನುಕೂಲವೇ. ಆದರೆ ಯಂತ್ರ ಕಲಿಯುವುದು ಹಿಂದಿನ ಸುದ್ದಿಗಳಿಂದ. ಹಿಂದಿನ ಸುದ್ದಿಗಳಲ್ಲಿ ಬ್ಯಾಡರಹಳ್ಳಿ ಎಂಬ ಹೆಸರಿನ ಪಕ್ಕದಲ್ಲಿ ಮತ್ತೆ ಮತ್ತೆ ಕಾಣುವುದು ಠಾಣೆ, ಬಂಧನ, ಶವ. ಈ ಜೋಡಣೆಯನ್ನೇ ಪಾಠವಾಗಿ ಕಲಿತ ಯಂತ್ರ ನಾಳೆಯ ಶಾಲೆಯ ಸುದ್ದಿಯ ಪಕ್ಕಕ್ಕೂ ‘ಸಂಬಂಧಿಸಿದ ಸುದ್ದಿ’ ಎಂದು ಒಂದು ಕೊಲೆಯನ್ನು ತಂದಿಡುತ್ತದೆ. ಕ್ರಮ ತಪ್ಪಿದ ಸಂಗ್ರಹವನ್ನು ಯಂತ್ರಕ್ಕೆ ಒಪ್ಪಿಸಿದರೆ ತಪ್ಪಿಗೆ ವೇಗ ಬರುತ್ತದೆ, ಅಷ್ಟೆ. ಮೊದಲು ಸ್ಥಳವನ್ನೂ ಠಾಣೆಯನ್ನೂ ಬೇರ್ಪಡಿಸಿಟ್ಟರೆ ಅದೇ ಯಂತ್ರ ಒಳ್ಳೆಯ ಸಹಾಯಕನಾಗಬಲ್ಲದು.

ಹಳೆಯ ಸುದ್ದಿಗಳನ್ನೆಲ್ಲ ತಿದ್ದಿ ಮುಗಿಸಲಾಗುವುದಿಲ್ಲ, ನಿಜ. ಆದರೆ ಎಲ್ಲಿಂದ ತೊಡಗಬೇಕೆಂಬುದು ಸ್ಪಷ್ಟವಾಗಿದೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆಯ ಜೊತೆಗೆ 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದಾಗಿನಿಂದ ‘110 ಹಳ್ಳಿ’ ಎಂಬುದೇ ಪತ್ರಿಕೆಗಳಲ್ಲಿ ಒಂದು ಹೆಸರಾಗಿಬಿಟ್ಟಿತು. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ನೀರು ಬಂದಾಗಲೂ ಸುದ್ದಿಯಲ್ಲಿ ಬಂದದ್ದು ಆ ಸಂಖ್ಯೆಯೇ. ಹದಿನೇಳು ವರ್ಷ ಟ್ಯಾಂಕರಿಗೆ ಕಾದ ಒಂದು ಊರಿನವರು ತಮ್ಮ ಊರಿಗೆ ನೀರಿನ ಭರವಸೆ ಮೊದಲು ಯಾವಾಗ ಬಂತು, ಎಷ್ಟು ಸಲ ಮುಂದೆ ಹೋಯಿತು ಎಂದು ತಿಳಿಯಬೇಕೆಂದರೆ ಆ ಸಂಖ್ಯೆಯೊಳಗೆ ತಮ್ಮ ಹೆಸರನ್ನು ಹುಡುಕಿಕೊಳ್ಳಬೇಕು. ಆ ಸಂಖ್ಯೆಯನ್ನು ಬಿಡಿಸಿ ಒಂದೊಂದು ಹಳ್ಳಿಯ ಹೆಸರಿಗೆ ಅದರದರ ಸುದ್ದಿಯನ್ನು ಕಟ್ಟುವುದು ಮೊದಲ ಕೆಲಸ. ಯಾವ ಹಳ್ಳಿ ಯಾವ ಬಡಾವಣೆಯ ಹೆಸರಿನಲ್ಲಿ ಮುಚ್ಚಿಹೋಗಿದೆ, ಯಾವ ಕ್ರಾಸಿಗೆ ಹಿಂದೆ ಏನೆನ್ನುತ್ತಿದ್ದರು ಎಂದು ಬಲ್ಲ ಹಳೆಯ ವರದಿಗಾರರು, ಅಂಚೆಯವರು, ಪಂಚಾಯಿತಿ ನೌಕರರು ಇನ್ನೂ ಸಿಗುತ್ತಾರೆ. ಐದು ಪಾಲಿಕೆಗಳಾಗಿ ವಾರ್ಡುಗಳ ಗಡಿ ಮತ್ತೆ ಬದಲಾಗಿರುವುದರಿಂದ ಹಳೆಯ ವಾರ್ಡನ್ನು ಹೊಸದಕ್ಕೆ ಜೋಡಿಸುವ ಪಟ್ಟಿಯೂ ಇದರ ಜೊತೆಗೇ ತಯಾರಾಗಬೇಕು, ಹೊಸ ಹೆಸರುಗಳು ಸುದ್ದಿಯಲ್ಲಿ ರೂಢಿಯಾಗುವ ಮೊದಲೇ.